ತೋಳಿನ ಅಳತೆ

"ಬೆಳಕು ಮುಚ್ಚಬೇಕೇನವ್ವಾ, ಬ್ಯಾಡೋ?"

ರವಿಕೆಗೆ ಅಳತೆ ಹಿಡಿಯುವಾಗ ದರ್ಜಿ ಶಾಂತಕ್ಕ ಎಲ್ಲ ಹೆಂಗಸರನ್ನೂ ಹೀಗೆಯೇ ಕೇಳುತ್ತಾಳೆ. ದಾಕ್ಷಾಯಣಿಯ ಮೇಲ್ತೋಳಿನ ಒಳಬದಿಯಲ್ಲಿ, ಚರ್ಮದ ಕೆಳಗೆ, ಬೆಂಕಿಕಡ್ಡಿಯಷ್ಟು ಉದ್ದದ ಕಡ್ಡಿ ತಿಳಿನೀಲಿಯಾಗಿ ಹೊಳೆಯುತ್ತಿತ್ತು. ಅದು ಹೊಳೆಯುವಷ್ಟು ದಿನ ಬಸಿರು ನಿಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ಮೊಳಕೈತನಕ ಇಡು," ಎಂದಳು ಅತ್ತೆ ಗೌರವ್ವ. "ಮದುವಿ ಮನ್ಯಾಗ ಮಂದಿ ನೋಡಿದ್ರ ಏನಂದಾರು? ಮುಟ್ಟು ಹಿಂದಮುಂದ ಆಗ್ತೈತಿ, ತಲಿನೋವು ಬ್ಯಾರೆ. ತೆಗಿಸು ಅಂದ್ರ ಕೇಳೂದಿಲ್ಲ ಇಕಿ."

"ತಲಿನೋವು ನಂದು, ತಡಕೋತೀನಿ ಅತ್ತಿ. ದಿನಾ ಗುಳಿಗಿ ನುಂಗೂ ಚಿಂತಿ ತಪ್ಪೇತಿ. ನರ್ಸಿಂಗ್ ಇನ್ನ ಎರಡು ವರ್ಷ ಐತಿ. ಮುಗದ ಮ್ಯಾಲೆ ನಾನ ಹೋಗಿ ತೆಗಿಸ್ತೀನಿ."

ಮೊಳಕೈವರೆಗೆ ಇಳಿದಿದ್ದ ಟೇಪನ್ನು ದಾಕ್ಷಾಯಣಿಯೇ ಹಿಡಿದು, ಬೆಳಕಿಗಿಂತ ಮೇಲಕ್ಕೆ ಸರಿಸಿದಳು.

"ಇಲ್ಲೀತನಕ ಸಾಕು, ಶಾಂತಕ್ಕ."

ಶಾಂತಕ್ಕ ಅತ್ತೆಯ ಮುಖ ನೋಡಿದಳು. ಗೌರವ್ವ ರೇಷ್ಮೆ ಬಟ್ಟೆಯ ಅಂಚನ್ನು ಸವರಿದಳು.

"ತೋಳಿಂದು ಉಳದ ಬಟ್ಟಿ ಒಗೀಬ್ಯಾಡ, ನನಗ ಕೊಡು," ಎಂದಳು. "ಎರಡು ವರ್ಷ ಕಳದ ಮ್ಯಾಲೆ ಕೂಸಿಗೆ ಕುಲಾವಿ ಹೊಲಸಾಕ ಆಗ್ತೈತಿ."