ಹನ್ನೆರಡು ಮೈಲಿಯ ಸುತ್ತ ಹುಡುಕಾಟ

ಎಷ್ಟೇ ಅವಸರದಲ್ಲಿದ್ದರೂ ಇದನ್ನು ಕೊನೆಯವರೆಗೆ ಓದಿ...

ಕುಂದಾಪುರದ ಕಡೆಯ ಒಂದು ಮೀನುಗಾರರ ಊರು. ಉದಯ ಮತ್ತು ಅವನ ತಮ್ಮ ಶೇಖರ ಸಣ್ಣ ದೋಣಿಯಲ್ಲಿ ಮೀನಿಗೆ ಹೋಗಿದ್ದರು.

ಬೆಳಿಗ್ಗೆ ಊರಿಗೆ ಉದಯನ ಫೋನ್ ಬಂತು. "ಇಂಜಿನ್ ಕೆಟ್ಟಿತ್... ದಡದಿಂದ ಹನ್ನೆರ್ಡ್ ಮೈಲಿ ಇರ್ಕ್..." ಅಷ್ಟೇ. ಫೋನ್ ಕಟ್ಟಾಯಿತು.

ಕಡಲಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಶೀನ ಮರಕಾಲರು ಬೋಟುಗಳನ್ನು ಹೊರಡಿಸಿ ತಾವೂ ಹೊರಟರು.

ಹನ್ನೆರಡು ಮೈಲಿಯಲ್ಲಿ ಯಾರೂ ಇಲ್ಲ... ಹದಿಮೂರು... ಹದಿನಾಲ್ಕು...

"ಇನ್ನೂ ಆಚೆ ಹೋಪುದಾ?" ಯಾರೋ ಕೇಳಿದರು.

"ಹನ್ನೆರ್ಡ್ ಅಂದಿದ್ದ ಅಲ್ದಾ! ಹೆಚ್ಚಂದ್ರೆ ಹದ್ನೈದ್. ಇಲ್ಲೇ ಹುಡ್ಕಿ" ಎಂದರು ಶೀನ.

ಮರುದಿನ ಮಧ್ಯಾಹ್ನ ಡೀಸೆಲ್ ತುಂಬಿಸಲು ಬೋಟುಗಳು ದಡದ ದಕ್ಕೆಗೆ, ಬೋಟು ಕಟ್ಟುವ ಕಟ್ಟೆಗೆ, ಮರಳಿದವು. ಗಾಳಿ ಜೋರಾಗುತ್ತಿತ್ತು. ದೋಣಿಯಲ್ಲಿ ಕುಡಿಯುವ ನೀರು ಮುಗಿದಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ದೋಣಿ ಮುಳುಗಿರ್ಕ್..." ಒಬ್ಬ ಮೆಲ್ಲಗೆ ಅಂದ.

ಉದಯನ ಹೆಂಡತಿ ಜಲಜಳ ಕಿವಿಗೆ ಅದು ಬಿತ್ತು. ಅವಳು ನೇರ ಶೀನರ ಮುಂದೆ ಬಂದು ನಿಂತಳು.

"ಶೀನಣ್ಣ, ಅವ್ರ್ ಹನ್ನೆರ್ಡ್ ಅಂದದ್ದ್ ನಿನ್ನೆ ಬೆಳಿಗ್ಗೆ. ಆಗಿಂದ ಇಲ್ಲಿವರೆಗೆ ಕಡಲ್ ನಿಂತಿತ್ತಾ?"

ಶೀನ ಕಡಲ ಕಡೆ ತಿರುಗಿ ನೋಡಿದರು. ಇಂಜಿನ್ ಇಲ್ಲದ ದೋಣಿಯನ್ನು ಕಡಲು ಎಳೆದೊಯ್ಯುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಲೆಯಲ್ಲಿ ಕೂತ ಆ ಹನ್ನೆರಡು, ಅವರನ್ನು ದೂರ ಯೋಚಿಸಲು ಬಿಟ್ಟಿರಲಿಲ್ಲ.

"ಹನ್ನೆರ್ಡರ ಸುತ್ತ ತಿರ್ಗುದ್ ಸಾಕ್! ನಿನ್ನೆಯಿಂದ ಗಾಳಿ ಎತ್ತ, ನೀರಿನ ಸೆಳೆತ ಎತ್ತ... ಮೊದ್ಲಿಂದ ಲೆಕ್ಕ ಹಾಕುವ" ಎಂದರು ಶೀನ.

ಲೆಕ್ಕ ವಾಯವ್ಯ ದಿಕ್ಕನ್ನು ತೋರಿಸಿತು. ಬೋಟುಗಳು ಆ ಕಡೆ ಹೊರಟವು.

ಇಪ್ಪತ್ತು ಮೈಲಿ ದಾಟಿತು. ಇಪ್ಪತ್ತೈದೂ ದಾಟಿತು. ಬರೀ ನೀರು...

"ಇಷ್ಟ್ ದೂರ ಇಪ್ಪುಕ್ ಸಾಧ್ಯವೇ ಇಲ್ಲೆ, ಶೀನಣ್ಣ. ತಿರ್ಗುವ" ಎಂದ ಬೋಟಿನಲ್ಲಿದ್ದ ಒಬ್ಬ.

ಒಂದು ಕ್ಷಣ ಶೀನರಿಗೂ ಹಾಗೇ ಅನ್ನಿಸಿತು. ಆದರೂ ಬೋಟು ತಿರುಗಿಸಲಿಲ್ಲ. ಸೂರ್ಯ ಇಳಿಯುತ್ತಿದ್ದ...

ಮೂವತ್ತು ದಾಟಿದ ಮೇಲೆ, ಅಲೆಗಳ ನಡುವೆ ಹುಟ್ಟಿನ ತುದಿಗೆ ಕಟ್ಟಿದ ಕೆಂಪು ಅಂಗಿ ಕಂಡಿತು!

ಉದಯನ ತುಟಿ ಒಡೆದಿತ್ತು. ಶೇಖರನಿಗೆ ಪ್ರಜ್ಞೆಯೇ ಇರಲಿಲ್ಲ. ಬೋಟಿನವರು ಅವನ ತುಟಿಗೆ ನೀರು ಮುಟ್ಟಿಸುತ್ತಾ ಕೂತರು... ಕೊನೆಗೂ ಅವನು ಕಣ್ಣು ಬಿಟ್ಟ.

ದಕ್ಕೆಯಲ್ಲಿ ಗಂಡನನ್ನು ಕಂಡ ಮೇಲೆಯೇ ಜಲಜ ಅತ್ತದ್ದು. ಶೀನ ಅವಳೆದುರು ಕೈಮುಗಿದರು.

"ನೀ ಕೇಣದಿದ್ರೆ ನಾನ್ ಇವತ್ತೂ ಅಲ್ಲೇ ಸುತ್ತತಿದ್ದೆ, ಮಗಾ..."

ಮೊದಲು ಕೇಳಿದ ಲೆಕ್ಕವನ್ನೇ ಹಿಡಿದು ಕೂತರೆ, ಗೊತ್ತಿರುವ ಸತ್ಯವೂ ನೆನಪಿಗೆ ಬರುವುದಿಲ್ಲ.

ಯಾರದೋ ಬಗ್ಗೆ ಮೊದಲ ದಿನ ಕಿವಿಗೆ ಬಿದ್ದ ಮಾತಿನಿಂದಲೇ ನೀವು ಇಂದಿಗೂ ಅವರನ್ನು ಅಳೆಯುತ್ತಿದ್ದೀರಾ?