ಬೆನ್ನು ಮಾಡಿ ನಿಂತ ಅಳಿಯ

ಹೊಗೆ ಕಂಡದ್ದೇ ಹಾಸ್ಕೀ ಗಕ್ಕನೆ ನಿಂತ. ಬಿಡಾರದ ಜಾಗದಲ್ಲಿ ಈ ಹೊತ್ತಿಗೆ ಯಾರೂ ಇರಬಾರದು. ಬೆಳಿಗ್ಗೆ ಕಮರಿಯ ಬಾಯಿಯಿಂದ ಮರಳುಹಳ್ಳದುದ್ದಕ್ಕೂ ನಡೆದು ಬಂದವರು ಮೂವರೇ: ದಾರಿ ತೋರುವ ಅವನು, ಒಂದು ರಾತ್ರಿ ಈ ಕೆಂಪು ಬಂಡೆಗಳ ನಡುವೆ ಮಲಗಿ ಹೋಗಲು ಬಂದ ಲೊರೇನ್, ಅವಳ ಗಂಡ ವರ್ನ್.

ಮರದ ಕೆಳಗೆ ಒಲೆಯ ಮುಂದೆ ಬಗ್ಗಿದ ಬೆನ್ನು, ನೇರಳೆ ಮಖಮಲ್ಲಿನ ರವಿಕೆ. ಕಣ್ಣಿಗೆ ಬಿದ್ದದ್ದು ಅಷ್ಟೇ. ಹಾಸ್ಕೀ ಥಟ್ಟನೆ ಬಂಡೆಯ ಕಡೆ ತಿರುಗಿ ಎರಡು ಸಲ ಕೆಮ್ಮಿದ. ಆ ಕಡೆ ಕಂಬಳಿ ಎಳೆದುಕೊಂಡ ಸದ್ದಾಯಿತು.

"ಯಾರದು?" ಎಂದಳು ಲೊರೇನ್.

"ನಮ್ಮತ್ತೆ."

"ಜಗಳವಾ?"

"ಅಯ್ಯೋ, ಇಲ್ಲಮ್ಮ. ಮರ್ಯಾದೆ. ನಮ್ಮ ಬುಡಕಟ್ಟಲ್ಲಿ ಅಳಿಯ ಅತ್ತೆ ಮುಖ ನೋಡಬಾರದು. ನೋಡಿದ್ರೆ ಕಣ್ಣು ಹೋಗುತ್ತೆ ಅಂತಾರೆ. ಮದುವೆಯಾಗಿ ಇಪ್ಪತ್ಮೂರು ವರ್ಷ ಆಯ್ತು, ಅವರು ಕಪ್ಪೋ ಕೆಂಪೋ ನನಗೆ ಗೊತ್ತಿಲ್ಲ."

ವರ್ನ್ ಬಿದ್ದು ಬಿದ್ದು ನಕ್ಕ. "ನಿಮ್ಮ ಕುಲಕ್ಕೆ ನನ್ನನ್ನೂ ಸೇರಿಸ್ಕೊಳ್ಳಪ್ಪ! ಎಲ್ಲೀ ತನಕ ಈ ಪುಣ್ಯ?"

"ನಾನು ಅವರ ಅಳಿಯ ಆಗಿರೋ ತನಕ. ಹೆಂಡತಿ ಮನೆಯಿಂದ ಓಡಿಸಿದ್ರೆ ಆಮೇಲೆ ನೋಡಬಹುದು. ನನಗಂತೂ ನೋಡೋ ಆಸೆ ಇಲ್ಲ."

ನಗುತ್ತಲೇ ಹೇಳಿದ. ಮನಸ್ಸು ಮಾತ್ರ ಆಸ್ಪತ್ರೆಗೆ ಓಡಿತ್ತು. ಹೆಂಡತಿ ಯಾನಬಾ ಹದಿನೈದು ದಿನದಿಂದ ಆಸ್ಪತ್ರೆಯಲ್ಲಿದ್ದಳು, ಕಿಡ್ನಿ ಕೈಕೊಟ್ಟಿತ್ತು. "ಬರೋವ್ರಿಗೆ ಮಾತು ಕೊಟ್ಟಿದ್ದೀಯ, ಹೋಗು. ನೀನು ಹೀಗೆ ಸಪ್ಪೆ ಮೋರೆ ಹಾಕ್ಕೊಂಡು ಎದುರಿಗೆ ಕೂತ್ರೆ ನನಗೆ ಕಾಯಿಲೆ ಹೆಚ್ಚಾಗುತ್ತೆ" ಎಂದು ನಿನ್ನೆ ಸಂಜೆ ಅವಳೇ ಅಟ್ಟಿದ್ದಳು. ಅವನು ಹೊರಗೆ ಬಂದ ಮೇಲೆ ಅವಳ ತಾಯಿ ಒಳಗೆ ಹೋಗಿದ್ದಳು. ಹಾಸಿಗೆ ಪಕ್ಕ ಇರಬೇಕಾದ ಆ ತಾಯಿ ಇಲ್ಲಿ ಯಾಕೆ?

ಕಮರಿಯೊಳಗೆ ಫೋನು ನಡೆಯುವುದಿಲ್ಲ. ಅತ್ತೆಯನ್ನು ನೇರವಾಗಿ ಮಾತಾಡಿಸುವಂತಿಲ್ಲ. ಮನೆಯಲ್ಲಾದರೆ ಆ ಕಡೆಯ ಮಾತು ಈ ಕಡೆಗೆ ದಾಟಿಸಲು ಯಾನಬಾ ಇರುತ್ತಿದ್ದಳು.

"ಅಮ್ಮಾ, ಒಂದು ಉಪಕಾರ ಮಾಡಿ. ಯಾನಬಾ ಹೇಗಿದ್ದಾಳೆ ಅಂತ ಕೇಳಿ ಬನ್ನಿ."

ಲೊರೇನ್ ಹತ್ತು ಹೆಜ್ಜೆ ಹೋಗಿ ಬಂದಳು. "'ಆಸ್ಪತ್ರೇಲಿ ಇನ್ನು ನನಗೆ ಕೆಲಸ ಇಲ್ಲ, ಇಲ್ಲಿದೆ. ಅದಕ್ಕೇ ಕುರಿದಾರೀಲಿ ಇಳಿದು ಬಂದೆ' ಅಂದ್ರು. ನೀವು ಸುಡೋ ರೊಟ್ಟೀನ ಕುದುರೆಗೆ ಲಾಳವಾಗಿ ಹೊಡೀಬಹುದಂತೆ. ಹೌದಾ?"

ಹಾಸ್ಕೀಗೆ ಹೋದ ಜೀವ ಬಂತು. ಮುದುಕಿ ಮಗಳ ಹಾಸಿಗೆ ಬಿಟ್ಟು ಎದ್ದು ಬಂದಿದ್ದಾಳೆ. ಬಂದದ್ದಲ್ಲದೆ ಗೇಲಿ ಬೇರೆ ಮಾಡುತ್ತಿದ್ದಾಳೆ. ಅಂದಮೇಲೆ ಯಾನಬಾ ಚೇತರಿಸಿಕೊಂಡಳು!

ಆ ಮಧ್ಯಾಹ್ನ ಅವನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಬಂಡೆಯ ಗವಿಯಲ್ಲಿದ್ದ ಹಳೇ ಕಲ್ಲುಮನೆಗಳನ್ನು ದೂರದಿಂದ ತೋರಿಸಿದ. ಅಲ್ಲಿದ್ದವರ ಹೆಸರೇನಾದರೂ ಉಳಿದಿದೆಯೇ ಎಂದು ಲೊರೇನ್ ಕೇಳಿದಳು.

"ಸತ್ತವರ ಹೆಸರು ನಾವು ಎತ್ತಲ್ಲಮ್ಮ. ಎತ್ತಿದ್ರೆ ಕರೆದಂಗಾಗುತ್ತೆ. ಪಾಪ, ಹೋಗ್ತಿರೋರು ದಾರೀಲೇ ನಿಂತುಬಿಡ್ತಾರೆ."

ಬದುಕಿರುವವಳ ಹೆಸರಿಗೇನು ಬರ? ಯಾನಬಾ ಇಲ್ಲೇ ಆಡು ಮೇಯಿಸುತ್ತಿದ್ದಳು, ಯಾನಬಾ ಈ ಕಲ್ಲಿನ ಹಿಂದೆ ಅಡಗಿ ನನ್ನನ್ನು ಹೆದರಿಸಿದ್ದಳು ಎಂದು ತಿರುವಿಗೊಂದು ಕಥೆ ಹೇಳಿದ. ಹಿಂದಿರುಗುವಾಗ ಅವಳಿಗೆಂದು ಕಮರಿಯ ತೋಟದಿಂದ ಟೋಪಿ ತುಂಬ ಪೀಚ್ ಹಣ್ಣು ಕಿತ್ತುಕೊಂಡ.

ಸಂಜೆ ಅತ್ತೆ ಹಗ್ಗಕ್ಕೆ ಕಂಬಳಿ ಇಳಿಬಿಟ್ಟಿದ್ದಳು. ಆ ಬದಿಗೆ ಒಲೆ ಮತ್ತು ಅವಳು, ಈ ಬದಿಗೆ ಅಳಿಯ. ಕುರಿಸಾರು, ಕರಿದ ರೊಟ್ಟಿ ಲೊರೇನಳ ಕೈಯಿಂದ ದಾಟಿ ಬಂದವು. ಹಾಸ್ಕೀಯ ತಟ್ಟೆಗೆ ಒಳ್ಳೊಳ್ಳೆಯ ತುಂಡುಗಳೇ ಬಿದ್ದಿದ್ದವು.

"ಯಾನಬಾ ಮಾಡಿದ ಸಾರು ಉಣ್ಣಬೇಕು ನೀವು," ಎಂದ ಅವನು ವರ್ನ್‌ಗೆ. "ಮುಂದಿನ ಸಲ ಬನ್ನಿ. ಯಾನಬಾ..."

ಆಚೆ ಸೌಟಿನ ಸದ್ದು ನಿಂತಿತು.

"ಬಾಯಿ ಮುಚ್ಕೊಂಡು ಉಣ್ಣು ಅಂತ ಹೇಳು ಅವನಿಗೆ, ಮಗಳೇ," ಎಂದಿತು ಕಂಬಳಿ.

ಎಲ್ಲರೂ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಆಚೆಯಿಂದ ಇನ್ನೊಂದು ಮಾತು ಬಂತು, ಮೆಲ್ಲಗೆ.

"ಒಳ್ಳೇ ಗಂಡ ಅವನು. ಅದನ್ನೂ ಹೇಳು."

"ಇಪ್ಪತ್ಮೂರು ವರ್ಷಕ್ಕೆ ಮೊದಲನೇ ಸಲ!" ಹಾಸ್ಕೀ ತೊಡೆ ತಟ್ಟಿಕೊಂಡ. "ಬರೆದಿಟ್ಕೊಳ್ಳಿ ಅಮ್ಮ, ನಾಳೆ ನನ್ನ ಹೆಂಡತಿ ನಂಬಲ್ಲ."

ಹದಿನೈದು ದಿನದಲ್ಲಿ ಮೊದಲ ಸಲ ಆ ರಾತ್ರಿ ಅವನು ತಲೆ ನೆಲಕ್ಕಿಟ್ಟವನೇ ನಿದ್ದೆ ಹೋದ.

ಬೆಳಗಿನ ಬಿಳುಪು ಬಂಡೆಯ ನೆತ್ತಿಗೆ ತಾಗಿದಾಗ ಕಾಫಿಗೆಂದು ಎದ್ದ. ವಾಡಿಕೆಯಂತೆ ದೂರದಿಂದಲೇ ಕೆಮ್ಮಿದ. ಆ ಕಡೆ ಏನೂ ಸರಿದಾಡಲಿಲ್ಲ. ಬೆನ್ನು ಮಾಡಿ ನಿಂತು ಮತ್ತೊಮ್ಮೆ ಕೆಮ್ಮಿದ.

ಹಿಂದೆ ಹೆಜ್ಜೆ. ತೀರ ಹತ್ತಿರ.

"ತಿರುಗು, ಮಗನೇ."

ನಡುವೆ ಯಾರೂ ಇಲ್ಲದೆ ಅವನಿಗೇ ಆಡಿದ ಮಾತು.

"ತಿರುಗಬಾರದಲ್ಲ," ಎಂದ ಹಾಸ್ಕೀ, ಎದುರಿನ ಬಂಡೆಗೆ.

"ನಿನ್ನೆ ಹೊತ್ತು ಹುಟ್ಟೋ ಮುಂಚಿನಿಂದ ತಿರುಗಬಹುದಿತ್ತು. ಆಗಲೇ ಹೇಳಿದ್ರೆ ನೀನು ಹಿಂದೆ ಮುಂದೆ ನೋಡದೆ ಈ ಬಂಡೆ ಹತ್ತಿ ಓಡ್ತಿದ್ದೆ, ಜಾರಿ ಬೀಳ್ತಿದ್ದೆ. ಮಕ್ಕಳಿಗೆ ನೀನೊಬ್ಬನಾದರೂ ಬೇಕಲ್ಲ. ಒಂದು ರಾತ್ರಿ ನೀನು ನಿದ್ದೆ ಮಾಡಲಿ ಅಂತ ಕಾದೆ."

ಅವನು ತಿರುಗಿದ.

ಆ ಮುಖವನ್ನು ಅವನು ಎಂದೂ ಕಂಡಿರಲಿಲ್ಲ, ಆದರೂ ಗುರುತು ಹತ್ತಿತು: ಹೆಂಡತಿ ಮುದುಕಿಯಾಗುವ ತನಕ ಬದುಕಿದ್ದಿದ್ದರೆ ಅವಳ ಮುಖ ಹೀಗೇ ಇರುತ್ತಿತ್ತು.