ಕೊರಿಯಾ ಚಿತ್ರದ ಕತ್ತಲು

ಗುರುರಾಜ್‌ಗೆ ಎಚ್ಚರವಾದಾಗ ಎದುರಿಗೆ ಗವ್ವೆನ್ನುವ ಕತ್ತಲು. ಅಯ್ಯೋ ದೇವರೇ, ನಿದ್ದೆ ಮಾಡಿಬಿಟ್ಟೆನಲ್ಲ! ಏಷ್ಯಾ ಚಿತ್ರಗಳ ಅಂತಾರಾಷ್ಟ್ರೀಯ ಸ್ಪರ್ಧೆ. ಮೂವರು ತೀರ್ಪುಗಾರರಲ್ಲಿ ತಾನೊಬ್ಬ, ಅದೂ ಇನ್ಷೂರೆನ್ಸ್ ಆಫೀಸಿಗೆ ರಜೆ ಹಾಕಿ ಬಂದವನು. ಶಿವಾಜಿನಗರದ ಈ ಟಾಕೀಸಿನ ಮ್ಯಾನೇಜರ್ ಸನಾವುಲ್ಲಾ ಉಳಿದಿಬ್ಬರಿಗೆ ಬಿರಿಯಾನಿ, ತನಗೆಂದೇ ಬೇರೆ ತರಿಸಿದ ಮೊಸರನ್ನ ಬಡಿಸಿದ್ದೇ ತಪ್ಪಾಯಿತು. ಕೊರಿಯಾ ಚಿತ್ರದ ಹೆಸರುಗಳು ಮುಗಿಯುವಷ್ಟರಲ್ಲೇ ರೆಪ್ಪೆ ಮುಚ್ಚಿಕೊಂಡಿತ್ತು.

ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕತ್ತಲನ್ನೇ ದಿಟ್ಟಿಸಿದ. ಫಿಲಂ ಸೊಸೈಟಿಯಲ್ಲಿ ಪಳಗಿದ ಜೀವ ಅದು. ಬರೀ ಗೋಡೆ ತೋರಿಸುವ ಚಿತ್ರ ನೋಡಿದ್ದ, ಮಾತೇ ಇಲ್ಲದ್ದನ್ನೂ ನೋಡಿದ್ದ. ಇದು ಅದರಪ್ಪ ಇರಬೇಕು. ಎಲ್ಲೋ ಮಗು ಅತ್ತಿತು. ಯಾರೋ ಕೆಮ್ಮಿದರು. ದೂರದಲ್ಲಿ ಒಬ್ಬ 'ಸುಂಡಲ್, ಬಿಸಿ ಕಡಲೆ ಸುಂಡಲ್' ಎಂದು ಕೂಗುತ್ತಾ ಹೋದ. ಕೊರಿಯಾದವರೂ ಸುಂಡಲ್ ತಿನ್ನುತ್ತಾರೆಯೇ? ಏನೇ ಹೇಳಿ, ಏಷ್ಯಾ ಎಲ್ಲ ಒಂದೇ ಎಂದು ಅವನಿಗೆ ಸಂತೋಷವಾಯಿತು.

ಕೊನೆಗೆ ಯಾರೋ ಬಾಗಿಲು ತೆರೆದರು, ಬೆಳಕು ಬಂತು. ಪಕ್ಕದಲ್ಲಿ ಅಧ್ಯಕ್ಷರಾದ ಹಲಸೂರಿನ ಪ್ರೊಫೆಸರ್ ಮೊದಲಿಯಾರ್ ಕನ್ನಡಕ ಒರೆಸಿಕೊಂಡರು. ಅವರಾಚೆ, ಇಂಗ್ಲಿಷ್ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವ ಆಬಿದಾ ಸೆರಗು ಸರಿಮಾಡಿಕೊಂಡರು. ಮೂವರೂ ಎದ್ದು, ತೀರ್ಪು ಬರೆಯಲು ಮೇಲಿನ ಮ್ಯಾನೇಜರ್ ಕೋಣೆಗೆ ಹೋದರು.

ಗುರುರಾಜ್ ಬಹುಮಾನ ಯಾರಿಗೆಂದು ಬೆಳಿಗ್ಗೆಯೇ ನಿಶ್ಚಯಿಸಿಬಿಟ್ಟಿದ್ದ. ಸಿಲೋನಿನ ಚಿತ್ರ, ಮುದುಕನೊಬ್ಬ ತನ್ನ ದೋಣಿ ಮಾರುವ ಕಥೆ. ನೋಡುವಾಗ ಕರ್ಚೀಫು ತೊಯ್ದುಹೋಗಿತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೊದಲಿಯಾರ್ ಕೇಳಿದರು:

"ಈಗ ನೋಡಿದ್ವಲ್ಲ, ಕೊರಿಯಾದ್ದು. ಏನ್ ಹೇಳ್ತೀರಿ?"

ಚೆನ್ನಾಗಿಲ್ಲ ಎಂದರೆ ಏಕೆ ಎನ್ನುತ್ತಾರೆ. ಏಕೆ ಎಂದು ಕೇಳಿದರೆ ಮರ್ಯಾದೆ ಮೂರು ಕಾಸಿಗೆ. ಗುರುರಾಜ್ ನಿಟ್ಟುಸಿರಿಟ್ಟು, "ಆ ಕತ್ತಲು, ಸಾರ್..." ಎಂದ.

ಮೊದಲಿಯಾರ್ ಮುಖ ಅರಳಿತು. "ಕರೆಕ್ಟ್! ಆ ಕತ್ತಲೇ ರೀ! ಅಷ್ಟು ಹೊತ್ತು ಏನೂ ತೋರಿಸ್ದೆ ಇರ್ಬೇಕಂದ್ರೆ ಡೈರೆಕ್ಟರ್‌ಗೆ ಎಂಥಾ ಗುಂಡಿಗೆ ಇರ್ಬೇಕು!"

"ನಾನೂ ಅದೇ ಹೇಳೋಣಾಂತಿದ್ದೆ," ಎಂದರು ಆಬಿದಾ ಅವಸರದಿಂದ. "ಆ ಸೌಂಡು! ಆ ಮಗು ಅಳೋದು! ಹಾಯ್, ಕಲೇಜಾ ಹಿಂಡಿಬಿಡ್ತು."

"ಮತ್ತೆ... ಸಿಲೋನಿಂದು?" ಎಂದ ಗುರುರಾಜ್.

"ಅದಾ? ಅಳಿಸುತ್ತೆ ರೀ. ಅಳಿಸೋದೇನು ಆರ್ಟಾ?" ಮೊದಲಿಯಾರ್ ಕನ್ನಡಕದ ಮೇಲಿಂದ ನೋಡಿದರು. "ನೀವು ಅತ್ರಾ?"

"ಛೆ ಛೆ! ನಾನಾ?"

ಆ ಮುದುಕನನ್ನು ತಾನೇ ನೀರಿಗೆ ತಳ್ಳಿದಂತೆ ಗುರುರಾಜ್‌ಗೆ ಸಂಕಟವಾಯಿತು. ಆದರೂ ಸಹಿ ಹಾಕಿದ. ಮೊದಲ ಬಹುಮಾನ ಕೊರಿಯಾಕ್ಕೆ, ಒಮ್ಮತದಿಂದ.

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಗರಗರ ತಿರುಗತೊಡಗಿತು. ಸನಾವುಲ್ಲಾ ಬೆವರು ಒರೆಸಿಕೊಳ್ಳುತ್ತಾ ಓಡಿಬಂದ.

"ಮಾಫ್ ಮಾಡಿ ಸಾಬ್! ಪಿಚ್ಚರ್ ಶುರುವಾಗಿ ಐದ್ ನಿಮಿಷಕ್ಕೇ ಕರೆಂಟ್ ಹೋಗ್ಬಿಡ್ತು. ಹೇಳೋಣಾಂತ ಬಂದೆ, ಟಾರ್ಚ್ ಬಿಟ್ಟು ನೋಡಿದ್ರೆ ಮೂರೂ ಜನ ಕಣ್ಮುಚ್ಕೊಂಡು ಯೋಚ್ನೆ ಮಾಡ್ತಾ ಕೂತಿದ್ರಿ. ದೊಡ್ಡೋರು, ಡಿಸ್ಟರ್ಬ್ ಮಾಡೋಕೆ ಹೆದರಿಕೆ ಆಯ್ತು. ಈಗ ಕರೆಂಟ್ ಬಂತು. ಮೊದಲಿಂದ ಹಾಕ್ಲಾ?"

ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಗುರುರಾಜ್‌ಗೆ ಆಸೆ ಚಿಗುರಿತು. ಇನ್ನೂ ಕಾಲ ಮಿಂಚಿಲ್ಲ! "ಹಾಕಿ, ಹಾಕಿ! ಪೂರ್ತಿ ನೋಡಿ ಆಮೇಲೆ ಬೇಕಾದ್ರೆ..." ಎನ್ನುತ್ತಾ ಅರ್ಧ ಎದ್ದೇಬಿಟ್ಟ.

ಮೊದಲಿಯಾರ್ ಪೆನ್ನಿಗೆ ಕ್ಯಾಪು ಹಾಕಿ, ಅವನ ತೋಳು ಹಿಡಿದು ಮೆಲ್ಲಗೆ ಕೂರಿಸಿದರು.

"ಸುಮ್ನಿರಿ ಗುರುರಾಜ್. ನೋಡಿದ್ರೆ ಅಭಿಪ್ರಾಯ ಬದಲಾಗ್ಬಿಡುತ್ತೆ."